ಒಂದು ಭುಜಕ್ಕೆ ನಾಲ್ಕು ಹಕ್ಕುದಾರರು

ನಮ್ಮ ಮಲ್ಲುವಿನ ಬಲಭುಜ ವಾಸಿಯಾದದ್ದು ಪೆಪ್ಟೈಡ್ ಸೂಜಿಯಿಂದ ಎಂದು ತೆರಕಣಾಂಬಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಟೀ ಅಂಗಡಿಯಲ್ಲಿ ಹೇಳುತ್ತಾರೆ, ಬಸ್ಸಿಗೆ ಕಾಯುವವರು ಹೇಳುತ್ತಾರೆ, ಆ ಪದ ನಾಲಗೆಗೆ ಹೊರಳದವರು ‘ಅದೇ, ಆ ಪೆಟ್ಟೇಡು’ ಎಂದಾದರೂ ಹೇಳುತ್ತಾರೆ. ಒಪ್ಪದವಳು ನಾನೊಬ್ಬಳೇ. ಒಪ್ಪದಿರುವುದು ನನಗೆ ಅಭ್ಯಾಸ ಎಂಬುದನ್ನೂ ಹೇಳಿಬಿಡುತ್ತೇನೆ. ಚಾಮರಾಜನಗರದ ಕಾಲೇಜಿನಲ್ಲಿ ಪಾಠಕ್ಕಿಂತ ಹೆಚ್ಚು ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು ನಾನು. ಚೀಟಿ ಎತ್ತಿದಾಗ ‘ವಿರೋಧ’ ಎಂದು ಬಂದರೆ ನನಗೆ ಹಸಿವೆಯೂ ಆಗುತ್ತಿರಲಿಲ್ಲ. ಹಾಗೆ ಗೆದ್ದ ಕಪ್ಪುಗಳಲ್ಲಿ ಅಮ್ಮ ಈಗ ಬಟ್ಟೆ ಕ್ಲಿಪ್ಪು, ಸೇಫ್ಟಿ ಪಿನ್ನು ಇಟ್ಟುಕೊಂಡಿದ್ದಾಳೆ. ಅವು ಉಪಯೋಗಕ್ಕೆ ಬಂದದ್ದು ಅದೊಂದಕ್ಕೇ.

ಮಲ್ಲು ನನ್ನ ದೊಡ್ಡಪ್ಪನ ಮಗ, ನನ್ನ ಓರಗೆಯವನು. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡುತ್ತಾನೆ, ಕಣ್ಣು ಮಾತ್ರ ಬಂಡೀಪುರದ ಮೇಲೆ. ಫಾರೆಸ್ಟ್ ಗಾರ್ಡ್ ಆಗಬೇಕೆಂಬುದು ಅವನ ಹಟ. ವಯಸ್ಸಿನ ಮಿತಿ ದಾಟುವ ಮುಂಚೆ ಉಳಿದಿರುವ ಅವಕಾಶ ಇದೊಂದೇ. ದೈಹಿಕ ಪರೀಕ್ಷೆಯಲ್ಲಿ ಓಟ, ಜಿಗಿತದ ಜೊತೆ ಗುಂಡು ಎಸೆಯುವುದೂ ಇದೆ. ಅದಕ್ಕೆಂದು ಗುಂಡ್ಲುಪೇಟೆಯ ಜಿಮ್ಮಿಗೆ ಸೇರಿ, ಭಾರ ಎತ್ತುತ್ತಾ ಎತ್ತುತ್ತಾ, ಎಸೆಯಬೇಕಾದ ಭುಜವನ್ನೇ ನೋಯಿಸಿಕೊಂಡ.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಮೇಡಮ್ಮು ಒಂದು ಹಸಿರು ರಬ್ಬರ್ ಪಟ್ಟಿ ಕೊಟ್ಟು, ಬಾಗಿಲ ಚಿಲಕಕ್ಕೆ ಕಟ್ಟಿ ದಿನಾ ನಿಧಾನವಾಗಿ ಎಳೆಯಬೇಕು, ಭಾರ ಮುಟ್ಟಬಾರದು, ಕೆಲವು ವಾರ ತಾಳ್ಮೆ ಬೇಕು ಎಂದರು. ಜಿಮ್ಮಿನ ಕೋಚು ನಕ್ಕನಂತೆ. ‘ರಬ್ಬರ್ ಎಳ್ಯದು ಮುದುಕ್ರಿಗೆ ಕಣ್ಲಾ. ರಿಸರ್ಚ್ ಪೆಪ್ಟೈಡ್ ಅದೆ, ತರಿಸ್ಬುಡು. ಫಾರಿನ್ನೋರೆಲ್ಲ ಅದ್ನೇ ಚುಚ್ಕೊಳ್ಳದು.’

ನನ್ನ ತಕರಾರು ಶುರುವಾಗುವುದು ‘ರಿಸರ್ಚ್’ ಎಂಬ ಆ ಪದದಿಂದಲೇ. ಕೋಚಿನ ಪ್ರಕಾರ ಅದರರ್ಥ, ಸಂಶೋಧನೆಯೆಲ್ಲ ಮುಗಿದು ಗೆದ್ದು ಬಂದದ್ದು ಎಂದು. ಬುಡ್ಡಿಯ ಮೇಲೆ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುವುದು ಇದಕ್ಕೆ ತದ್ವಿರುದ್ಧ: ಇದು ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ. ಅಂದರೆ ಸಂಶೋಧನೆ ಇನ್ನೂ ಆಗಬೇಕಾಗಿದೆ. ನಾನಿದನ್ನು ಓದಿ ಹೇಳಿದರೆ ಮಲ್ಲು ಕೇಳಿದ, ‘ಮಿಲ್ಟ್ರಿ ಓಟ್ಲು ಅಂತ ಬೋರ್ಡ್ ಹಾಕಿರ್ತರಲ್ಲ, ಅಲ್ಲೇನು ಮಿಲ್ಟ್ರಿಯೋರು ಮಾತ್ರ ಉಣ್ತರಾ ಕಣಮ್ಮಿ?’ ಇಷ್ಟು ಒಳ್ಳೆಯ ಪ್ರತಿವಾದವನ್ನು ನಾನು ಅಂತರ ಕಾಲೇಜು ಮಟ್ಟದಲ್ಲೂ ಕೇಳಿರಲಿಲ್ಲ. ಲಿಂಗ ಕಟ್ಟಿದ ಮನೆಯ ಹುಡುಗನಿಗೆ ಮಿಲಿಟರಿ ಹೋಟೆಲಿನ ಒಳಗಿನ ಸಮಾಚಾರ ಹೇಗೆ ಗೊತ್ತಾಯಿತು ಎಂಬ ಉಪಪ್ರಶ್ನೆ ಬಾಯಿಗೆ ಬಂದಿತ್ತು. ದೊಡ್ಡವ್ವ ಪಕ್ಕದಲ್ಲೇ ಇದ್ದುದರಿಂದ ನುಂಗಿಕೊಂಡೆ.

ಪೆಪ್ಟೈಡ್ ಎಂದರೆ ಭೂತವೇನಲ್ಲ. ಪ್ರೋಟೀನು ಮಾರುದ್ದದ ಹೂವಿನ ಸರವಾದರೆ, ಪೆಪ್ಟೈಡು ಮುಡಿಗೆ ಸಿಕ್ಕಿಸುವ ತುಂಡು. ಕಟ್ಟಿದ ಹೂವಿನಷ್ಟೇ ಅದರ ನಖರಾ. ಒಣ ಪುಡಿಯಾಗಿದ್ದಾಗ ತಂಪು, ಕತ್ತಲೆ ಬೇಕು. ನೀರು ಬೆರೆಸಿದ ಮೇಲೆ ಫ್ರಿಜ್ಜಿನಲ್ಲೇ ಇರಬೇಕು, ಫ್ರೀಜರಿಗೆ ಹೋಗಬಾರದು, ಕುಲುಕಬಾರದು, ಬಹಳ ದಿನ ಇಡಬಾರದು. ಸರಿ, ಇಷ್ಟನ್ನೂ ಚಾಚೂತಪ್ಪದೆ ಮಾಡಿದಿರಿ ಎನ್ನಿ. ಆಗ ಸಿಗುವುದೇನು? ಬುಡ್ಡಿಯಲ್ಲಿ ಮೊದಲು ಏನಿತ್ತೋ ಅದು ಹಾಗೇ ಇರುತ್ತದೆ, ಅಷ್ಟೆ. ಮೊದಲು ಏನಿತ್ತು ಎಂಬುದು ಬೇರೆ ಪ್ರಶ್ನೆ. ಪ್ರಯೋಗಶಾಲೆಯ ಇಲಿಯಲ್ಲಿ ಕಂಡ ಗುಣ ಮಲ್ಲುವಿನಲ್ಲೂ ಕಾಣುತ್ತದೆಯೇ ಎಂಬುದು ಇನ್ನೂ ಬೇರೆ. ಜೋಪಾನವಾಗಿ ಇಟ್ಟ ಮಾತ್ರಕ್ಕೆ ಒಂದು ವಸ್ತುವಿಗೆ ಗುಣ ಬರುವುದಾದರೆ ನಮ್ಮ ಟ್ರಂಕಿನಲ್ಲಿರುವ ಹಳೆಯ ಛತ್ರಿ ಇಷ್ಟು ಹೊತ್ತಿಗೆ ರೇಷ್ಮೆಯಾಗಬೇಕಿತ್ತು.

ಅದನ್ನು ಜೋಪಾನ ಮಾಡಿದ ಕಥೆಯನ್ನೂ ಕೇಳಿ. ಪಾರ್ಸೆಲ್ಲು ಕೇರಳದ ಕಡೆಯಿಂದ ಬಂತು. ರಾತ್ರಿ ಬಂಡೀಪುರದ ರಸ್ತೆ ಮುಚ್ಚುತ್ತಾರೆ. ಆನೆಗೆ ದಾರಿ ಬಿಡಲು ಲಾರಿಗಳು ಗೇಟಿನ ಆಚೆ ನಿಂತು ಬೆಳಗು ಮಾಡುತ್ತವೆ. ಈ ಕಾನೂನು ನನಗೆ ಒಪ್ಪಿಗೆ, ಆದರೆ ಐಸ್ ಪ್ಯಾಕಿಗೆ ಅದು ಗೊತ್ತಿರಬೇಕಲ್ಲ. ಮಲ್ಲು ಡಬ್ಬ ಬಿಚ್ಚಿದಾಗ ಒಳಗಿದ್ದದ್ದು ಸ್ನಾನಕ್ಕೆ ಹದವಾದ ನೀರು. ‘ಪುಡಿ ಒಣಗೇ ಅದೆ, ಏನಾಗಲ್ಲ ಬುಡು’ ಎಂದು ಬುಡ್ಡಿಗಳೆರಡನ್ನೂ ಫ್ರಿಜ್ಜಿನ ಬಾಗಿಲಲ್ಲಿಟ್ಟ. ಅಲ್ಲಿ ಪೂಜೆಯ ಹೂವು, ದೋಸೆ ಹಿಟ್ಟು, ದೊಡ್ಡಪ್ಪನ ಕಣ್ಣಿನ ಡ್ರಾಪ್ಸು ಎಲ್ಲವೂ ಕೂಡುಕುಟುಂಬದಂತೆ ಬಾಳುತ್ತಿದ್ದವು. ಕರೆಂಟು ಆಗಾಗ ಬಂದು ನೆಂಟರಂತೆ ಮಾತಾಡಿಸಿ ಹೋಗುತ್ತಿತ್ತು.

ಮಲ್ಲು ಸೂಜಿಯನ್ನೂ ಚುಚ್ಚಿಕೊಂಡ, ಪಟ್ಟಿಯನ್ನೂ ಎಳೆದ, ಭಾರವನ್ನೂ ಬಿಟ್ಟ. ‘ಆಸ್ಪತ್ರೆ ಮೇಡಮ್ಮಿಗೆ ಸೂಜಿ ವಿಷಯ ಹೇಳಿದೆಯಾ?’ ಎಂದರೆ, ‘ಬಯ್ತರೆ’ ಎಂದ. ವಾರಗಳು ಕಳೆದಂತೆ ಭುಜದ ನೋವು ಇಳಿಯಿತು. ‘ಮೊದಲ್ನೇ ಬುಡ್ಡೀಲಿ ಅಷ್ಟೇನು ಗೊತ್ತಾಗ್ನಿಲ್ಲ. ಎರಡ್ನೇದು ನೋಡು, ಸಕತ್ ಸ್ಟ್ರಾಂಗು!’ ಎಂದು ಕೈ ತಿರುಗಿಸಿ ತೋರಿಸಿದ. ಊರಿನವರು ನಂಬಿದ್ದು ಆ ಕೈ ನೋಡಿಯೇ.

ಮೊನ್ನೆ ಭಾನುವಾರ ದೊಡ್ಡಪ್ಪನ ಮನೆಗೆ ಹೋದಾಗ ಅಜ್ಜಿ ಜಗಲಿಯಲ್ಲಿ ಹೂ ಕಟ್ಟುತ್ತಿದ್ದಳು. ಮಾತಿಗೆ ಮಾತು ಬಂದು ಹೇಳಿದಳು:

‘ಯಾರೋ ಮಾದಪ್ಪನ ಬೆಟ್ಟದಿಂದ ಈಬೂತಿ ತಂದು ಐಸ್ ಪೆಟ್ಗೇಲಿ ಮಡಗಿದ್ರು ಕಣಮ್ಮಿ. ಈಬೂತಿಯ ದೋಸೆ ಹಿಟ್ಟಿನ್ ಜೊತೆ ಮಡಗದಾ? ಬೆಳ್ಳಗೆ, ಗಾಜಿನ ಬುಡ್ಡೀಲಿ ಎಷ್ಟು ಚಂದಾಗಿತ್ತು! ಎತ್ತಿ ದೇವ್ರ ಗೂಡಲ್ಲಿ ಮಡಗ್ದೆ.’

‘ಆಮೇಲೆ?’

‘ಅಣೆಗೆ ಇಕ್ಕಳನ ಅಂದ್ರೆ ಮುಚ್ಚಳ ಬತ್ತದಾ ಆಳಾದ್ದು! ಕಾರ್ತೀಕ ಪೂರ್ತಿ ದೀಪದ್ ಪಕ್ಕದಲ್ಲೇ ಇತ್ತು. ಆಮ್ಯಾಕೆ ಬೇಜಾರಾಗಿ ಇದ್ದ ತಾವೇ ಮಡಗ್ಬುಟ್ಟೆ.’

ನನಗೆ ಆದ ಆನಂದವನ್ನು ಹೇಗೆ ಹೇಳಲಿ! ಅಂದರೆ ಅಜ್ಜಿ ವಿಭೂತಿ ಎಂದುಕೊಂಡದ್ದು ಮಲ್ಲುವಿನ ಇನ್ನೂ ತೆರೆಯದ ಎರಡನೆಯ ಬುಡ್ಡಿ. ಆ ‘ಸಕತ್ ಸ್ಟ್ರಾಂಗು’ ಬುಡ್ಡಿ ತಿಂಗಳೊಪ್ಪತ್ತು ಎಣ್ಣೆ ದೀಪಕ್ಕೆ ಮೈ ಕಾಯಿಸಿಕೊಂಡು ಬಂದದ್ದು. ನ್ಯಾಯವಾಗಿ ಹೇಳಬೇಕೆಂದರೆ, ಅದು ಪೂರ್ತಿ ಕೆಟ್ಟಿತ್ತು ಎಂದು ನಾನು ಸಾಧಿಸಲಾರೆ. ಒಣ ಪುಡಿ ಸ್ವಲ್ಪ ಬಿಸಿ ತಡೆದರೂ ತಡೆದೀತು. ಆದರೆ ಸಾಧಿಸುವ ಹೊಣೆ ನನ್ನದಲ್ಲ, ಕೋಚಿನದು. ಈಗ ಒಂದು ಭುಜಕ್ಕೆ ಹಕ್ಕುದಾರರು ಯಾರು ಯಾರು? ಬುಡ್ಡಿ, ರಬ್ಬರ್ ಪಟ್ಟಿ, ದೇವರ ಗೂಡು. ಜೊತೆಗೆ ಯಾವ ಅರ್ಜಿಯನ್ನೂ ಹಾಕದೆ ಸುಮ್ಮನೆ ಕೆಲಸ ಮಾಡಿಕೊಂಡು ಹೋಗುವ ಕಾಲ. ಇವರಲ್ಲಿ ಒಬ್ಬರಿಗೇ ಪೂರ್ತಿ ಆಸ್ತಿ ಬರೆದುಕೊಡುವುದು ಯಾವ ಪಂಚಾಯಿತಿಯ ನ್ಯಾಯ?

ಇಷ್ಟೇ ಆಗಿದ್ದರೆ ಗೆದ್ದ ಖುಷಿಯಲ್ಲಿ ಬಸ್ಸು ಹತ್ತಿ ಬರುತ್ತಿದ್ದೆ. ಆದರೆ ಮಲ್ಲು ಒಳಗಿನಿಂದ ಬಂದವನೇ ಹೇಳಿದ: ಮೂರನೆಯ ಬುಡ್ಡಿ ಬಂದಿದೆ, ಪರೀಕ್ಷೆ ಹತ್ತಿರದಲ್ಲಿದೆ, ನಾಳೆಯಿಂದ ಪೂರ್ತಿ ಬಲ ಹಾಕಿ ಗುಂಡು ಎಸೆಯುತ್ತೇನೆ. ಮೇಡಮ್ಮು ಇನ್ನೂ ಒಪ್ಪಿಗೆ ಕೊಟ್ಟಿಲ್ಲವಲ್ಲ ಎಂದೆ. ‘ಪೆಪ್ಟೈಡ್ ಅದಲ್ಲ, ನೋವಾದ್ರೆ ಅದು ನೋಡ್ಕತದೆ.’ ಸುಳ್ಳು ನಂಬಿಕೆ ಬುಡ್ಡಿಯಲ್ಲಿ ಇರುವವರೆಗೆ ತಮಾಷೆ; ಅದು ಭುಜಕ್ಕೆ ಧೈರ್ಯ ಹೇಳತೊಡಗಿದರೆ, ಇರುವ ಒಂದೇ ಅವಕಾಶದ ಮುಂಚೆ ಆ ಭುಜ ಮತ್ತೆ ಕೈಕೊಡುತ್ತದೆ.

ಹೇಳಿಬಿಟ್ಟೆ. ದೀಪ, ಗೂಡು, ಕಾರ್ತೀಕ, ಎಲ್ಲ.

ಮಲ್ಲುವಿಗಿಂತ ಮೊದಲೇ ಉತ್ತರ ಕೊಟ್ಟದ್ದು ಅಜ್ಜಿ. ‘ಅದ್ಕೇ ಮತ್ತೆ ವಾಸಿಯಾಗಿದ್ದು! ಮಾದಪ್ಪನ ತಾವ ಇತ್ತಲ್ಲ!’

ನನ್ನ ಅಷ್ಟು ವರ್ಷದ ಚರ್ಚೆಯಲ್ಲಿ, ನಾನು ತಂದ ಸಾಕ್ಷಿಯನ್ನು ಎದುರು ಪಕ್ಷದವರು ಇಷ್ಟು ಚಂದವಾಗಿ ಎತ್ತಿಕೊಂಡು ಹೋದದ್ದಿಲ್ಲ. ಮಲ್ಲುವಿನ ಮುಖ ಅರಳಿತು. ‘ಅಂಗಾರೆ ಎರಡೂ ಸೇರೇ ಕೆಲ್ಸ ಮಾಡವೆ ಕಣಮ್ಮಿ. ಇದ್ನೂ ಒಸಿ ದಿನ ಗೂಡಲ್ಲಿಟ್ಟು ಆಮೇಲೆ ತಗಳನ’ ಎಂದು ಮೂರನೆಯ ಬುಡ್ಡಿ ತರಲು ಅಡುಗೆಮನೆಗೆ ನಡೆದ. ನಾನೂ ಬೆನ್ನಿಗೇ ಹೋದೆ, ಸೋತು ಸುಮ್ಮನಿರುವವಳಲ್ಲ.

ಹಳೆಯ ಫ್ರಿಜ್ಜು ಅದು. ಅಂಚಿನ ರಬ್ಬರು ಸವೆದು ಬಾಗಿಲು ಸರಿಯಾಗಿ ಕೂರುವುದಿಲ್ಲ. ತಂಪು ಹೋಗದಿರಲಿ ಎಂದು ಮಲ್ಲುವೇ ಈಚೆಗೆ ಅದರ ಸೊಂಟಕ್ಕೆ ಏನನ್ನೋ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದ. ಅವನು ಗಂಟು ಬಿಚ್ಚಲು ಕೈಹಾಕಿದಾಗ ನೋಡಿದೆ. ಆಸ್ಪತ್ರೆಯ ಹಸಿರು ಪಟ್ಟಿ.

ಸಂಶೋಧನೆ, ಸಾಕ್ಷಿ, ಹೊಣೆ ಎಲ್ಲ ಮರೆತುಹೋಗಿ ಒಂದೇ ಒಂದು ಮಾತು ಉಳಿಯಿತು. ಕೇಳಿದೆ.

‘ಮಲ್ಲು, ಗುಂಡು ಎಸೀಬೇಕಾಗಿರೋದು ನೀನಾ, ಫ್ರಿಜ್ಜಾ?’