ತಲೆಸುತ್ತು ನೋಡುವ ಮಾರ್ಲಿಸ್

ಇಪ್ಪತ್ತೆರಡು ವರ್ಷಗಳಿಂದ ಮಾರ್ಲಿಸ್ ಹೌಗೆನ್ ತಲೆಸುತ್ತಿನವರ ಜೊತೆ ಏಗುತ್ತಿದ್ದಾಳೆ. ಉತ್ತರ ಮಿನೆಸೋಟದ ಚಿಕಿತ್ಸಾಲಯವೊಂದರಲ್ಲಿ ಅವಳಿಗೊಂದು ಕೋಣೆ, ರೋಗಿಗಳನ್ನು ಮಲಗಿಸಿ ನೋಡಲು ಒಂದು ಮಂಚ. ಅವಳು ರೋಸಿಹೋಗುವಂತೆ ಮಾಡಿದ್ದು ತಲೆಸುತ್ತಲ್ಲ, ಊರವರ ಮರ್ಯಾದೆ. ಗೋಡೆ ಹಿಡಿದುಕೊಂಡು ಬಂದವರೂ, ಹೇಗಿದೆ ಎಂದು ಕೇಳಿದರೆ "ಪರವಾಗಿಲ್ಲ" ಎನ್ನುತ್ತಾರೆ.

ಮಾರ್ಚ್ ತಿಂಗಳ ಒಂದು ಸೋಮವಾರ ಬಂದವನು ಆರ್ವಿನ್ ಸ್ಕಾರ್. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ನವೆಂಬರಿನಿಂದ ಮಲಗಿದರೆ, ತಲೆಯೆತ್ತಿದರೆ ಲೋಕವೇ ಗಿರ್ರೆನ್ನುತ್ತದೆ. ಶಾಲೆಯವರು ಬಸ್ಸಿನಿಂದ ಇಳಿಸಿ ಮನೆಯಲ್ಲಿ ಕೂರಿಸಿದ್ದಾರೆ. ತಿಂಗಳ ಕೊನೆಯೊಳಗೆ ಮಾರ್ಲಿಸ್ ಗುಣವಾಗಿದೆಯೆಂದು ಬರೆದುಕೊಡದಿದ್ದರೆ ಅವನ ಬಸ್ಸು ಬೇರೆಯವರ ಪಾಲು. ಮೂರು ಕಡೆ ತೋರಿಸಿದ್ದ. ಮೂವರೂ ಗುಳಿಗೆ ಬರೆದು, "ವಯಸ್ಸಾಯ್ತಲ್ಲ, ಹುಷಾರಾಗಿರಿ" ಎಂದು ಕಳಿಸಿದ್ದರು. ಒಬ್ಬರಾದರೂ ಅಂಗಾತ ಮಲಗಿಸಿ ಕಣ್ಣು ನೋಡಬಾರದೇ? ಒಂದು ನಿಮಿಷದ ಕೆಲಸ! ಅದಕ್ಕೂ ಪುರುಸೊತ್ತಿಲ್ಲದವರು ಮನುಷ್ಯನನ್ನು ನಾಲ್ಕು ತಿಂಗಳು ಒರಗುಕುರ್ಚಿಯಲ್ಲಿ ನಿದ್ದೆ ಮಾಡಿಸಿದ್ದರು.

ಮಾರ್ಲಿಸ್ ಅವನ ತಲೆಯನ್ನು ಬಲಕ್ಕೆ ಹೊರಳಿಸಿ ಸರಕ್ಕನೆ ಹಿಂದಕ್ಕೆ ಮಲಗಿಸಿದಳು. ಕಿವಿಯೊಳಗೆ ಸಮತೋಲ ಕಾಯುವ ಸಣ್ಣ ಹರಳು ಜಾಗ ತಪ್ಪಿದ್ದರೆ, ಹೀಗೆ ಮಲಗಿಸಿದಾಗ ತಲೆ ಸುತ್ತಿ ಕಣ್ಣು ಕುಣಿಯಬೇಕು. ಕುಣಿಯಲಿಲ್ಲ. ಎಡಕ್ಕೂ ನೋಡಿದಳು. ಏನೂ ಇಲ್ಲ.

"ತಿರುಗ್ತಿದೆಯಾ?"

"ಪರವಾಗಿಲ್ಲ ಕಣಮ್ಮ."

ತೊಂದರೆ ಕಿವಿಯದಲ್ಲ ಎಂದು ಬರೆಯಲು ಪೆನ್ನೆತ್ತಿದಳು. ಆಗ, ಮೂಲೆಯಲ್ಲಿ ಕೂತಿದ್ದ ಅವನ ಹೆಂಡತಿ ಬರ್ನಡೀನಳ ತೊಡೆಯ ಮೇಲೆ ಐಸ್‌ಕ್ರೀಮಿನ ಖಾಲಿ ಬಕೆಟ್ಟು ಕಂಡಿತು.

"ಅದ್ಯಾಕೆ?"

"ವಾಂತಿ ಬಂದ್ರೆ ಇರ್ಲಿ ಅಂತ. ಬರಲ್ಲ ಬಿಡಿ, ಕಾರಲ್ಲೇ ಎರಡು ಗುಳಿಗೆ ನುಂಗಿದಾರೆ. ಪಾಪ, ನೆಲ ಇಷ್ಟು ಚೆನ್ನಾಗಿ ಒರೆಸಿರ್ತೀರಿ..."

ಮಾರ್ಲಿಸ್ ಪೆನ್ನು ಕುಕ್ಕಿದಳು. "ಎರಡು ದಿನ ಮುಂಚೆಯಿಂದ ಗುಳಿಗೆ ಮುಟ್ಬೇಡಿ ಅಂತ ಫೋನಲ್ಲೂ ಹೇಳಿದ್ದೆ, ಚೀಟೀಲೂ ಬರೆದಿದ್ದೆ! ಅದು ಕಣ್ಣಿನ ಕುಣಿತ ಮುಚ್ಚಿಹಾಕುತ್ತೆ, ಮಿದುಳಿಗೆ ಮಂಪರು ಹಿಡಿಸುತ್ತೆ. ಮತ್ತೆ ಮಿದುಳು ಮೈಯನ್ನ ನೆಟ್ಟಗೆ ನಿಲ್ಲಿಸೋದು ಕಲಿಯೋದು ಯಾವಾಗ? ನನ್ನ ನೆಲದ ಚಿಂತೆ ನಿಮಗ್ಯಾಕ್ರೀ?"

"ಬೈಬೇಡಮ್ಮ," ಅಂದ ಆರ್ವಿನ್. "ನಿಂಬೆಹಣ್ಣಿನ ಕೇಕು ತಂದಿದೀವಿ."

ಗುರುವಾರ ಗುಳಿಗೆಯಿಲ್ಲದೆ, ಹೆಂಡತಿಯ ಭುಜ ಹಿಡಿದು ಬಂದ. ಬಲಕ್ಕೆ ಮಲಗಿಸಿದ್ದೇ ತಡ, ಎರಡೂ ಕಣ್ಣು ಕೆಳಗಿನ ಕಿವಿಯತ್ತ ತಿರುಚಿಕೊಂಡು ಜಿಗಿಯತೊಡಗಿದವು. ಆರ್ವಿನ್ ಅವಳ ತೋಳನ್ನು ಬಿಗಿಯಾಗಿ ಹಿಡಿದ.

"ಅಯ್ಯೋ ಸತ್ತೆ! ಮಂಚಾನೇ ಮಗುಚ್ತಿದೆ!"

"ಅಬ್ಬ, ಕೊನೆಗೂ ಬಾಯಿಬಿಟ್ರಲ್ಲ! ಕಣ್ಣು ಮುಚ್ಬೇಡಿ."

ಕುಣಿತ ನಿಂತ ಮೇಲೆ, ಹರಳು ತನ್ನ ಜಾಗಕ್ಕೆ ಜಾರಲೆಂದು, ತಲೆಯನ್ನು ಎಡಕ್ಕೆ, ಮೈಯನ್ನು ಎಡಮಗ್ಗುಲಿಗೆ, ಮೂಗನ್ನು ನೆಲದತ್ತ ಹೊರಳಿಸಿ, ಮೆಲ್ಲಗೆ ಎಬ್ಬಿಸಿ ಕೂರಿಸಿದಳು. ಬಕೆಟ್ಟು ಕೆಲಸಕ್ಕೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಲಗಿಸಿದಾಗ ಕಣ್ಣು ಅಲುಗಲಿಲ್ಲ.

"ಇವತ್ತೇ ಬರೆದುಕೊಡ್ತೀಯಾ?"

"ಮಕ್ಕಳು ಕೂರೋ ಬಸ್ಸು ಅದು. ಹತ್ತು ದಿನ ಮನೇಲಿ ತಲೆ ಅತ್ತಿತ್ತ ತಿರುಗಿಸ್ತಾ ನಡೀರಿ. ಆ ಕುರ್ಚಿ ಬಿಟ್ಟು ಹಾಸಿಗೇಲಿ ಮಲಗಿ."

ತಿಂಗಳು ಮುಗಿಯಲು ಎರಡು ದಿನವಿತ್ತು. ಮತ್ತೆ ತೋರಿಸಲು ಬಂದ ಆರ್ವಿನ್ ಚಿಕಿತ್ಸಾಲಯದ ಉದ್ದನೆಯ ಪಡಸಾಲೆಯಲ್ಲಿ, ಬಸ್ಸಿನ ಕನ್ನಡಿಗಳನ್ನು ನೋಡುವವನಂತೆ ಎಡಬಲ ಕತ್ತು ಹೊರಳಿಸುತ್ತ, ಗೋಡೆ ಮುಟ್ಟದೆ ಹೋಗಿ ಬಂದ.

"ಹೇಗಿದೆ?"

"ಪರವಾಗಿಲ್ಲ."

ಮಾರ್ಲಿಸ್ ಹಲ್ಲು ಕಚ್ಚಿದಳು. ಅವನನ್ನು ಮತ್ತೊಮ್ಮೆ ಮಂಚದ ಮೇಲೆ ಕೆಡವಿ, ಬಲಕ್ಕೂ ಎಡಕ್ಕೂ ಹೊರಳಿಸಿ ಕಣ್ಣುಗಳನ್ನೇ ದಿಟ್ಟಿಸಿದಳು. ಅವು ಕದಲಲಿಲ್ಲ. ಆಮೇಲೆ ಗುಣವಾಗಿದೆಯೆಂಬ ಕಾಗದಕ್ಕೆ ಸಹಿ ಹಾಕಿದಳು.