ಊದುಬತ್ತಿ ಅರ್ಧ ಉರಿಯುವಷ್ಟರಲ್ಲಿ

ನಮ್ಮ ಅಂಗಡಿಯಲ್ಲಿ ನನಗಿಂತ ತಡವಾಗಿ ಏಳುವುದು ಒಂದೇ, ಕಂಪ್ಯೂಟರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಪಂಕ್ಚರ್ ಹಾಕಲು ಕೂತವನು. ಅಂದಿನಿಂದ ಸೂರ್ಯ ನನ್ನನ್ನು ಹಾಸಿಗೆಯಲ್ಲಿ ನೋಡಿಲ್ಲ. ಇವತ್ತು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನನ್ನದೇ ವೀಲ್ ಅಲೈನ್‌ಮೆಂಟ್ ಅಂಗಡಿ ಇದೆ. ಚಕ್ರ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಪರದೆಯ ಮೇಲೆ ಕೆಂಪಗೆ ಕಾಣುತ್ತದೆ. ಆದರೆ ಕಾಣಬೇಕಾದರೆ ಮೊದಲು ಕಂಪ್ಯೂಟರು ಏಳಬೇಕಲ್ಲ? ಅದೋ, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ, ಚುಕ್ಕಿಗಳನ್ನು ಸುತ್ತಿಸಿಕೊಂಡು ಹೊರಳಾಡುತ್ತಿರುತ್ತದೆ.

ಬೆಳಗಿನ ಬೋಣಿಗೆ ಬಂದವರು ತಿರುಗಿ ಹೋದರೆ ನನಗೆ ದಿನವಿಡೀ ಅನ್ನ ಇಳಿಯುವುದಿಲ್ಲ. ಅದು ಗೊತ್ತಿದ್ದೇ ಕೆಂಪರಾಜು ಒಂದು ದಿನ ಕಿಚಾಯಿಸಿದ. ಇವನು ಬಾಡಿಗೆ ಕಾರಿನವರ ಮುಖಂಡ. ಇವನು ಎಲ್ಲಿಗೆ ಅಂದರೆ ಸ್ಟ್ಯಾಂಡಿನ ಕಾರುಗಳೆಲ್ಲ ಅಲ್ಲಿಗೆ.

"ಅಣ್ಣೋ, ನಿನ್ ಡಬ್ಬ ಏಳೋ ಒತ್ಗೆ ನಾನು ಅಸ ಕರ್ದು ಡೈರಿಗೆ ಆಲು ಆಕ್ಬುಟ್ಟು ಬರಬೋದು. ಸೋಮಾರದೊಳ್ಗೆ ಸರಿ ಮಾಡ್ಕೊ. ಇಲ್ದಿದ್ರೆ ನಮ್ ಕಾರೆಲ್ಲ ಎದುರ್ಗಡೆ ಅಂಗ್ಡಿಗೆ ಓಯ್ತವೆ."

ನನಗೆ ರೋಷ ಬಂತು. ಮೊಬೈಲಿನಲ್ಲಿ ವೀಡಿಯೋ ನೋಡಿದೆ. ಕಂಪ್ಯೂಟರಿನ ವಿಷಯದಲ್ಲಿ ಲೋಕಕ್ಕೆಲ್ಲ ನಾಟಿ ವೈದ್ಯ ಗೊತ್ತು. ಒಬ್ಬ ಪರದೆಯ ಹಿಂದಿನ ಚಿತ್ರ ತೆಗೆದುಹಾಕು ಅಂದ. ಇನ್ನೊಬ್ಬ ಆಗಾಗ ರಿಫ್ರೆಶ್ ಒತ್ತಿದರೆ ಅದಕ್ಕೆ ಉಸಿರು ಬರುತ್ತದೆ ಅಂದ. ವೇಗ ಹೆಚ್ಚಿಸುವ ಪ್ರೋಗ್ರಾಮು ಎಂದು ಮೂರನ್ನು ತುಂಬಿಸಿದೆ. ಕೊನೆಗೆ ಸಿಕ್ಕಿತು ಮಹಾಮಂತ್ರ. ಕಂಪ್ಯೂಟರು ಹೇಗೆ ಏಳಬೇಕೆಂದು ಹೇಳುವ ಬೂಟ್ ಸೆಟ್ಟಿಂಗಿಗೆ ಹೋದರೆ 'ಪ್ರೊಸೆಸರ್ ಸಂಖ್ಯೆ' ಎಂದಿದೆ, ಅದರ ಎದುರು ಮಂಕಾಗಿ ಒಂದು. ನನ್ನದರಲ್ಲಿ ಇರುವುದು ನಾಲ್ಕು! ನಾಲ್ಕು ಆಳು ಕರೆದು, ಮೂವರನ್ನು ಮರದ ನೆರಳಲ್ಲಿ ಕೂರಿಸಿದ್ದಾರಲ್ಲಪ್ಪಾ ಎಂದು ಹೊಟ್ಟೆ ಉರಿಯಿತು. ಟಿಕ್ ಹಾಕಿ ನಾಲ್ಕು ಮಾಡಿದೆ.

ಕೆಲಸ ಮಾಡಿತೋ ಇಲ್ಲವೋ ಅಳೆಯಬೇಕಲ್ಲ? ನನ್ನ ಗಡಿಯಾರ ಊದುಬತ್ತಿ. ಗುಡಿಸಿ, ನೀರು ಚಿಮುಕಿಸಿ, ದೇವರ ಪಟಕ್ಕೆ ಬತ್ತಿ ಹಚ್ಚದೆ ನಾನು ಯಂತ್ರ ಮುಟ್ಟುವವನಲ್ಲ; ಅದು ನನ್ನ ಗುರು ಹಾಕಿಕೊಟ್ಟ ಪದ್ಧತಿ. ಬತ್ತಿ ಹಚ್ಚಿ ಗುಂಡಿ ಒತ್ತಿದರೆ, ಕಂಪ್ಯೂಟರು ಏಳುವಾಗ ಬತ್ತಿ ಪೂರ್ತಿ ಬೂದಿಯಾಗಿರುತ್ತಿತ್ತು. ಟಿಕ್ ಹಾಕಿದ ಮಾರನೆಯ ದಿನ ನೋಡುತ್ತೇನೆ, ಅರ್ಧ ಬತ್ತಿ ಹಾಗೇ ಇದೆ! ಸ್ಟ್ಯಾಂಡಿಗೇ ಹೋಗಿ ಮೀಸೆ ತಿರುವಿ ಬಂದೆ.

ಸೋಮವಾರ ಕಾರುಗಳು ಸಾಲಾಗಿ ನಿಂತವು. ಬತ್ತಿ ಅರ್ಧಕ್ಕೆ ಬಂತು, ಪರದೆ ಬೆಳಗಿತು. ನಾನು ಎದೆ ಸೆಟೆಸಿದೆ. ಕೆಂಪರಾಜು ಟೀ ಲೋಟ ಕೆಳಗಿಟ್ಟ.

"ಬತ್ತಿ ಅರ್ಧ ಸರಿ ಕಣಣ್ಣ. ಆದ್ರೆ ಅದು ಏಳೋಗಂಟ ನಾನ್ ಮೊದ್ಲೂ ಎಲ್ಡು ಟೀ ಕುಡೀತಿದ್ದೆ, ಈಗ್ಲೂ ಎಲ್ಡು ಕುಡ್ದೆ."

ಪಕ್ಕದ ಟೀ ಅಂಗಡಿಯ ಜಯಮ್ಮ ಬಂದು ಬತ್ತಿ ನೋಡಿದಳು. "ಅಯ್ಯೋ ನಿನ್ನ! ಇದು ದಪ್ಪ ಬತ್ತಿ ಕಣಣ್ಣೋ. ಮೊನ್ನೆ ಮಳವಳ್ಳಿ ಸಂತೇಲಿ ನಾನೂ ನಿನ್ ಎಂಡ್ರೂ ಒಟ್ಗೇ ತಕಂಡ್ವಿ. ಬತ್ತಿ ನಿಧಾನ ಆಗ್ಯದೆ, ನಿನ್ ಡಬ್ಬ ಜೋರಾಗಿಲ್ಲ."

ಕಾರಿನವರೆಲ್ಲ ಬಿದ್ದು ಬಿದ್ದು ನಕ್ಕರು. ಸಾಲಿನ ಕೊನೆಯ ಕಾರು ಆಗಲೇ ಎದುರು ಅಂಗಡಿಗೆ ತಿರುಗಿತು. "ನಾಳೀಕ್ ಇನ್ನೊಂದ್ಸಲ ಬತ್ತೀನಿ, ಅದೇ ಕೊನೆ," ಎಂದ ಕೆಂಪರಾಜು.

ಮಧ್ಯಾಹ್ನ ಕೂತು ತಿಳಿದವರನ್ನು ಸರಿಯಾಗಿ ವಿಚಾರಿಸಿದೆ. ಟಿಕ್ ಇಲ್ಲದಿದ್ದರೂ ನಾಲ್ವರೂ ಗದ್ದೆಗಿಳಿದೇ ಇರುತ್ತಾರಂತೆ; ಆ ಸೆಟ್ಟಿಂಗ್ ಇರುವುದು ಪರೀಕ್ಷೆಗೆಂದು ಅವರನ್ನು ಕಡಿಮೆ ಮಾಡಲು, ಹೆಚ್ಚಿಸಲು ಅಲ್ಲ. ಬಿಗಿಯಾದ ನಟ್ಟಿಗೇ ಸ್ಪ್ಯಾನರ್ ಹಾಕಿ ನಾನು ಬೆವರಿದ್ದೆ. ಟಿಕ್ ತೆಗೆದೆ. ಕಂಪ್ಯೂಟರಿನ ಜೊತೆಗೇ ಏಳುವ ಪ್ರೋಗ್ರಾಮುಗಳ ಸ್ಟಾರ್ಟಪ್ ಪಟ್ಟಿ ತೆರೆದರೆ, ಎಂದೋ ಕೆಟ್ಟುಹೋದ ಪ್ರಿಂಟರಿನ ಪ್ರೋಗ್ರಾಮು, ಜೊತೆಗೆ ವೇಗ ಹೆಚ್ಚಿಸಲು ನಾನೇ ಕರೆತಂದ ಆ ಮೂವರು ಬಾಗಿಲಲ್ಲೇ ಅಡ್ಡ ಮಲಗಿದ್ದರು. ಎಲ್ಲರನ್ನೂ ಎಬ್ಬಿಸಿ ಕಳಿಸಿದೆ. ಕೆಂಪರಾಜುವಿನ ಲೆಕ್ಕದಲ್ಲಿ ಕಾಯುವುದು ಎರಡು ಟೀಯಿಂದ ಒಂದೂವರೆಗೆ ಇಳಿಯಿತು. ಅದೂ ಸಾಲದು.

ನನ್ನ ಮುಖ ನೋಡಿ ಜಯಮ್ಮ ಕೇಳಿದಳು: "ಅಲ್ಲಾ, ಗುಡ್ಸೋಕೆ ಮುಂಚೇನೇ ಗುಂಡಿ ಒತ್ತಿದ್ರೆ ಏನಾಯ್ತದೆ?"

"ಪೂಜೆ ಆಗ್ದೆ ಯಂತ್ರ ಮುಟ್ಟೋದಾ?"

"ನಾನು ಒಲೆ ಅಚ್ಚಿ ಆಲಿಟ್ಟೇ ಕಣಣ್ಣ ಕೈ ಮುಗಿಯೋದು. ಆಲು ಕಾಯೋಗಂಟ ಪೂಜೆ ಮುಗೀತದೆ. ದೇವ್ರು ಒಂದಿನಾನೂ ಯಾಕೆ ಅಂತ ಕೇಳಿಲ್ಲ."

ಒಳಗೆ ಹೋದೆ. ಪದ್ಧತಿ ಎಂದರೆ ಪದ್ಧತಿ. ಆದರೆ ಗುರುಗಳ ಕಾಲದಲ್ಲಿ ಯಂತ್ರಗಳು ಮುಟ್ಟಿದ ತಕ್ಷಣ ಏಳುತ್ತಿದ್ದವು, ಅದನ್ನೂ ನೋಡಬೇಕಲ್ಲ.

ಮಾರನೆಯ ಬೆಳಿಗ್ಗೆ ಶಟರ್ ಎತ್ತಿದವನೇ ದೇವರ ಪಟದ ಕಡೆ ನೋಡದೆ ಗುಂಡಿ ಒತ್ತಿದೆ. ಆಮೇಲೆ ಪೊರಕೆ, ಆಮೇಲೆ ನೀರು, ಆಮೇಲೆ ಪೂಜೆ. ಕೆಂಪರಾಜು ಬಂದಾಗ ಪರದೆ ಬೆಳಗಿ ಕಾಯುತ್ತಿತ್ತು; ಅವನ ಮೊದಲ ಟೀ ಇನ್ನೂ ಲೋಟಕ್ಕೆ ಬಿದ್ದಿರಲಿಲ್ಲ.

"ಲೇ ಅಣ್ಣೋ! ಯಾವ್ ಸೆಟ್ಟಿಂಗ್ ಬದ್ಲಾಯಿಸ್ದೆ?"

"ಅದೆಲ್ಲ ಒಳಗಡೆ ಇಸ್ಯ ಕಣ್ಲಾ, ನಿಂಗೊತ್ತಾಗಲ್ಲ. ಕಾರ್ ಅತ್ಸು."

ಜಯಮ್ಮ ಒಲೆಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿದ್ದುದನ್ನು ನಾನು ನೋಡಲಿಲ್ಲವೆಂದೇ ಇಟ್ಟುಕೊಳ್ಳಿ. ಕಾರು ರ‍್ಯಾಂಪ್ ಏರಿತು. ಪಟದ ಮುಂದೆ ದಪ್ಪ ಬತ್ತಿ ಯಾರ ಜೊತೆಗೂ ಪಂದ್ಯವಿಲ್ಲದೆ, ತನ್ನ ಪಾಡಿಗೆ ತಾನು ಉರಿಯುತ್ತಿತ್ತು.