ಬ್ಯಾಕಪ್ ಮುಗಿಯುವ ತನಕ

ಬ್ರಿಸ್ಬೇನಿನ ರನ್‌ಕಾರ್ನ್‌ನ ಮನೆಯಲ್ಲಿ ಆಗ ನಾನೊಬ್ಬಳೇ. ಜೊತೆಗೊಂದು ಹಳೆಯ ಕಂಪ್ಯೂಟರ್. ಮಸ್ಕತ್ ಬಿಟ್ಟು ಬರುವಾಗ ನಮ್ಮವರು ಮಗುವಿನಂತೆ ಸುತ್ತಿಕೊಂಡು ತಂದಿದ್ದು. ಅವರು ತೀರಿಕೊಂಡ ಮೇಲೆ ಅದೂ ಕಟಕಟ ಸದ್ದು ಮಾಡತೊಡಗಿತು. ಪರ್ತ್‌ನಲ್ಲಿದ್ದ ಮಗಳು ಹೊಸ ಡಿಸ್ಕೊಂದನ್ನು ಕಳಿಸಿ, ದಿನವೂ ತಾನಾಗಿ ಬ್ಯಾಕಪ್ ಆಗುವಂತೆ ಅಲ್ಲಿಂದಲೇ ಹೊಂದಿಸಿದಳು.

ಆ ಕಂಪ್ಯೂಟರಿನಲ್ಲಿ ನಮ್ಮವರ ದನಿಯಿತ್ತು. ಸಂಜೆ ಜಪಸರದ ಮಣಿ ಎಣಿಸುತ್ತ ಹೇಳುವ ಮಾತೆ ಮರಿಯಳ ಪ್ರಾರ್ಥನೆ ‘ನಮಾನ್ ಮರಿಯೆ’ಯ ಮೊದಲರ್ಧ ಯಾವಾಗಲೂ ಅವರದು, ಉತ್ತರದ ಅರ್ಧ ನನ್ನದು. ಕಾಯಿಲೆ ಬಿದ್ದಾಗ ತಮ್ಮ ಅರ್ಧವನ್ನಷ್ಟೇ ಹೇಳಿ, ನನ್ನದಕ್ಕೆ ಜಾಗ ಬಿಟ್ಟು, ರೆಕಾರ್ಡ್ ಮಾಡಿಟ್ಟಿದ್ದರು. ಬೇರೆಲ್ಲೂ ಪ್ರತಿಯಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ, ನಾಚಿಕೆ.

ಬ್ಯಾಕಪ್ಪೋ, ಆಮೆ ನಡಿಗೆ. ವಯರ್ ಬದಲಿಸಿದೆವು, ಬೇಡದ್ದನ್ನೆಲ್ಲ ಅಳಿಸಿದೆವು. ಊಹೂಂ. ಕಂಪ್ಯೂಟರ್ ಬಳಸುತ್ತೀರಾ ಎಂದು ಮಗಳು ಕೇಳಿದಾಗ ಇಲ್ಲವೆಂದೆ. ಬಳಸುವುದೆಂದರೆ ಟೈಪ್ ಮಾಡುವುದು ಅಂದುಕೊಂಡಿದ್ದೆ. ದನಿ ಮಾತ್ರ ಬೆಳಗಿನಿಂದ ಓಡುತ್ತಲೇ ಇರುತ್ತಿತ್ತು; ಮಲಗುವಾಗ ಕಂಪ್ಯೂಟರನ್ನೇ ಆರಿಸುತ್ತಿದ್ದೆ. ಮನೆಯಲ್ಲಿ ಒಬ್ಬ ಮನುಷ್ಯನ ಸದ್ದು ಬೇಡವೇ?

ಒಂದು ಮಧ್ಯಾಹ್ನ ಅವಳು ಪರ್ತ್‌ನಿಂದಲೇ ನನ್ನ ಸ್ಕ್ರೀನ್ ನೋಡುತ್ತಿದ್ದಳು.

“ಮಮ್ಮಿ, ಏನೋ ಪ್ಲೇ ಆಗ್ತಾನೇ ಇದೆಯಲ್ಲ?”

“ಡ್ಯಾಡಿ,” ಎಂದೆ.

ಅವಳು ಮೆಲ್ಲಗೆ ವಿವರಿಸಿದಳು. ಅದು ಓಡುವಷ್ಟು ಹೊತ್ತೂ ಯಾರೋ ಕೆಲಸ ಮಾಡುತ್ತಿದ್ದಾರೆಂದು ಬ್ಯಾಕಪ್ ಬದಿಗೆ ಸರಿದು ನಿಲ್ಲುತ್ತಿತ್ತಂತೆ. ಕಂಪ್ಯೂಟರಿನೊಳಗಿನ ಹಳೆಯ ಡಿಸ್ಕ್ ಬೇರೆ ಕೊನೆಯುಸಿರು ಎಳೆಯುತ್ತಿದೆಯಂತೆ.

“ಮುಗಿಯೋ ತನಕ ನಿಲ್ಸಿ ಮಮ್ಮಿ. ಇಲ್ದಿದ್ರೆ ಡ್ಯಾಡಿ ವಾಯ್ಸೂ ಹೋಗ್ಬಿಡುತ್ತೆ.”

ತಕ್ಷಣ ನಿಲ್ಲಿಸಿದೆ.

ಅಬ್ಬಾ, ಆ ದಿನದ ಮೌನ! ಪಕ್ಕದ ಮನೆಯವನ ಹುಲ್ಲು ಕತ್ತರಿಸುವ ಮೆಷೀನು ನಿಂತಾಗ ಅವನ ಮೇಲೂ ಸಿಟ್ಟು ಬಂತು. ಸಂಜೆ ಜಪಸರ ಹಿಡಿದು ಕೂತು, ಮೊದಲರ್ಧವನ್ನು ನಾನೇ ಹೇಳಿದೆ. ಉತ್ತರವನ್ನೂ ನಾನೇ ಹೇಳಿದೆ. ಎರಡು ಮಣಿ ಸರಿಸುವಷ್ಟರಲ್ಲಿ ಜಪಸರವನ್ನು ಕೆಳಗಿಟ್ಟೆ. ಗಂಡನಿಲ್ಲ ಎಂಬುದು ಅಂದು ಗೊತ್ತಾದಷ್ಟು ಮಣ್ಣು ಮಾಡಿದ ದಿನವೂ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ಮಗಳ ಫೋನು. ಬ್ಯಾಕಪ್ ಮುಗಿಯಿತು, ಡ್ಯಾಡಿ ಭದ್ರವಾಗಿದ್ದಾರೆ, ಇನ್ನು ಹಾಕಿಕೊಳ್ಳಿ ಎಂದಳು.

ಹಾಕಿದೆ. ಅವರು ಮೊದಲರ್ಧ ಹೇಳಿ ನಿಲ್ಲಿಸಿದರು. ನನಗೆ ದನಿ ಹೊರಡಲಿಲ್ಲ. ನನಗೆಂದು ಬಿಟ್ಟಿದ್ದ ಜಾಗ ಮುಗಿಯಿತು; ಅವರು ನನಗಾಗಿ ಕಾಯದೆ ಮುಂದಿನ ಮಣಿಗೆ ಹೋದರು.